ಆಯ-ವ್ಯಯದ ಅರಿವು

ಆಯವನ್ನರಿತು ವ್ಯಯ ಮಾಡುವುದು ವ್ಯಾಪಾರಸ್ಥರ ವಿದ್ಯೆ, ಅದಕ್ಕೂ ಧರ್ಮಕ್ಕೂ ಸಂಬಂಧವಿಲ್ಲವೆಂದು ಭಾವಿಸುವವರು ಹಲವರುಂಟು. ಸದ್ಭಕ್ತರು ನಮ್ಮ ಪರಂಪರೆಯ ಚರಿತ್ರೆಯನ್ನು ಒಮ್ಮೆ ಅವಲೋಕಿಸಿದರೆ ಈ ಭಾವನೆ ನಿಲ್ಲಲಾರದು. ಮಕ್ಕಳಿಗೆ ಲೆಕ್ಕವನ್ನು ಕಲಿಸುವುದು ಶರಣಮಾರ್ಗಕ್ಕೆ ಹೊರಗಿನದಲ್ಲ, ಅದರ ಮೊದಲ ಮೆಟ್ಟಿಲುಗಳಲ್ಲಿ ಒಂದು.

12ನೆಯ ಶತಮಾನದಲ್ಲಿ ಬಸವಣ್ಣನವರು ಕೈಗೊಂಡ ಕಾಯಕವೇ ಲೆಕ್ಕದ ಕಾಯಕ. ಮಂಗಳವಾಡದ ಕರಣಿಕರ ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು ಅವರು ಕಂಡುಹಿಡಿದು, ಆ ಮೂಲಕವೇ ರಾಜಸೇವೆಗೆ ಸೇರಿದರೆಂದು ಹರಿಹರನು ತನ್ನ ರಗಳೆಯಲ್ಲಿ ವರ್ಣಿಸಿದ್ದಾನೆ. ಮುಂದೆ ಭಂಡಾರದ ಹಣವನ್ನು ಜಂಗಮದಾಸೋಹಕ್ಕೆ ಸುರಿಯುತ್ತಿದ್ದಾರೆಂದು ದ್ವೇಷಿಗಳು ಬಿಜ್ಜಳನಲ್ಲಿ ದೂರಿದಾಗ, ಭಂಡಾರವನ್ನು ಎಣಿಸಿ ನೋಡಲಾಗಿ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂಬ ಕಥೆಯನ್ನು ಬಸವಪುರಾಣ ಹೇಳುತ್ತದೆ. ಭೀಮಕವಿಯು 1369ರಲ್ಲಿ ಅದನ್ನು ಕನ್ನಡಿಸಿದನು. ಇದನ್ನು ಪವಾಡವೆಂದು ನಂಬುವವರು ನಂಬಲಿ. ಪರರ ಹಣವನ್ನು ಕಾಯುವವನ ಲೆಕ್ಕ ಯಾವ ಗಳಿಗೆಯಲ್ಲಿ ತೆರೆದರೂ ಶುದ್ಧವಾಗಿರಬೇಕೆಂಬ ನೀತಿಯಂತೂ ಎಲ್ಲರಿಗೂ ಗ್ರಾಹ್ಯ.

ಮನೆಯ ಆಯ-ವ್ಯಯಕ್ಕೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಮಿಗಿಲಾದ ಗುರು ದೊರೆಯರು. ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿದರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನಿತ್ಯದ ಅಗತ್ಯವೆಷ್ಟೆಂದು ಮೊದಲೇ ಅಳೆದಿದ್ದವರಿಗೆ ಮಾತ್ರ ಹೆಚ್ಚಾದುದು ಹೆಚ್ಚೆಂದು ತಿಳಿಯುತ್ತದೆ. ಅಳತೆಯಿಲ್ಲದ ಮನೆಯಲ್ಲಿ ಬಂದುದೆಲ್ಲವೂ ಸಾಲದು.

ಪಶ್ಚಿಮ ದೇಶಗಳಲ್ಲಿ ಈ ಶಿಕ್ಷಣ ಬೇರೊಂದು ದಾರಿಯಲ್ಲಿ ಬೆಳೆಯಿತು. ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಫ್ರಾನ್ಸ್ವಾ ಲೋರಾನ್ ಎಂಬ ಕಾನೂನು ಪ್ರಾಧ್ಯಾಪಕರು 1866ರಲ್ಲಿ ಶಾಲಾಮಕ್ಕಳಿಗೆ ಉಳಿತಾಯವನ್ನು ಕಲಿಸಲು ತೊಡಗಿದರು. ಮಕ್ಕಳು ತರುವ ಚಿಲ್ಲರೆ ಕಾಸು ಅವರವರ ಖಾತೆಗೆ ಸೇರುತ್ತಿತ್ತು. ಭಾರತದಲ್ಲಿ 1882ರಲ್ಲಿ ಅಂಚೆ ಕಚೇರಿಯ ಉಳಿತಾಯ ಬ್ಯಾಂಕು ಆರಂಭವಾಗಿ, ಬಡವನ ಅಲ್ಪ ಹಣಕ್ಕೂ ಭದ್ರವಾದ ಸ್ಥಾನ ದೊರೆಯಿತು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಶರಣರು ಸಂಗ್ರಹವನ್ನು ನಿರಾಕರಿಸಿದರು, ಆಧುನಿಕರು ಉಳಿತಾಯವನ್ನು ಬೋಧಿಸುತ್ತಾರೆ. ಮಕ್ಕಳಿಗೆ ಯಾವುದನ್ನು ಕಲಿಸಬೇಕು? ಕಲ್ಯಾಣದಲ್ಲಿ ಒಬ್ಬನ ಕಷ್ಟಕಾಲಕ್ಕೆ ಶರಣಸಮೂಹವೇ ಆಸರೆಯಾಗಿತ್ತು. ಇಂದಿನ ಗೃಹಸ್ಥನು ರೋಗಕ್ಕೂ ವಿದ್ಯೆಗೂ ತಾನೇ ಅಣಿಯಾಗಬೇಕು. ಆದುದರಿಂದ ಆಪತ್ತಿಗಾಗಿ ಕೂಡಿಡುವುದು ದೋಷವಲ್ಲ. ಆಸೆಗಾಗಿ ಕೂಡಿಡುವುದು, ಆಡಂಬರಕ್ಕಾಗಿ ಸಾಲ ಮಾಡುವುದು ದೋಷ. ಈ ವಿವೇಕವೇ ಲೆಕ್ಕದ ಶಿಕ್ಷಣದ ತಿರುಳು.

ಹಿರಿಯರು ಹೀಗೆ ಅಳೆದು ಉಳಿಸಿದುದರ ಫಲವೇ ನಮ್ಮ ವಿದ್ಯಾಸಂಸ್ಥೆಗಳು. ಬಡ ವಿದ್ಯಾರ್ಥಿಗಳ ನೆರವಿಗಾಗಿ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸ್ವಾರ್ಥವನ್ನು ತೊರೆದು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳ ಕಾಲದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳಿಗೆ ನಿತ್ಯ ಪ್ರಸಾದ ಸಲ್ಲುವಂತಾಯಿತು. ಇಷ್ಟು ಮಕ್ಕಳಿಗೆ ಹಿಟ್ಟು, ಬೇಳೆ, ಸೌದೆಗಳನ್ನು ಮುಂಗಂಡು ಅಳೆಯದೆ ಯಾವ ದಾಸೋಹವೂ ಎರಡು ದಿನ ನಡೆಯದು. ಮಠದ ಪ್ರಸಾದನಿಲಯದಲ್ಲಿ ಓದಿದವರು ತಾವು ಉಂಡ ತುತ್ತು ಎಷ್ಟೋ ರೈತರ ಕಣದಿಂದ ಬಂದುದೆಂಬುದನ್ನು ಬಲ್ಲರು. ಪುಕ್ಕಟೆಯಾಗಿ ದೊರೆತುದಕ್ಕೂ ಬೆಲೆ ತೆತ್ತವರು ಒಬ್ಬರಿದ್ದೇ ಇರುತ್ತಾರೆ. ಈ ಅರಿವನ್ನು ಅವರು ತಮ್ಮ ಮಕ್ಕಳಿಗೆ ದಾಟಿಸಿರುವರೇ ಎಂಬುದೇ ಇಂದಿನ ಪ್ರಶ್ನೆ.

ಇಂದು ಹಣವು ಕಣ್ಣಿಗೆ ಕಾಣದಂತಾಗಿದೆ. ತಂದೆ ಮೊಬೈಲಿನ ಮೇಲೆ ಬೆರಳಾಡಿಸುತ್ತಾನೆ, ಸಾಮಾನು ಮನೆಗೆ ಬರುತ್ತದೆ. ನಾಣ್ಯ ಕೈಬಿಡುವುದನ್ನು ಕಾಣದ ಮಗುವಿಗೆ ಅದರ ಹಿಂದಿನ ಬೆವರು ಹೇಗೆ ಕಂಡೀತು? ಆದುದರಿಂದ ತಾಯಿ-ತಂದೆಗಳು ಮಕ್ಕಳ ಕೈಗೆ ಒಂದು ಸಣ್ಣ ಪುಸ್ತಕವನ್ನು ಕೊಡಲಿ. ಒಂದು ಬದಿಗೆ ಬಂದುದು, ಇನ್ನೊಂದು ಬದಿಗೆ ಹೋದುದು. ಜಾತ್ರೆಗೆ ಕೊಡುವ ಹಣವನ್ನು ಮೊದಲೇ ಕೊಟ್ಟು, ಅಗತ್ಯಕ್ಕೆಷ್ಟು, ಮುಂದಕ್ಕೆಷ್ಟು, ದಾಸೋಹಕ್ಕೆಷ್ಟು ಎಂದು ಮಗುವೇ ಮೂರು ಪಾಲು ಮಾಡಲಿ. ಹಣ ನಡುವೆಯೇ ತೀರಿಹೋದರೆ ಮತ್ತೆ ಕೊಡಬಾರದು, ಗದರಿಸಲೂ ಬಾರದು. ಖಾಲಿಯಾದ ಕಿಸೆಯೇ ಪಾಠ ಹೇಳುತ್ತದೆ. ತಿಂಗಳಿಗೊಮ್ಮೆ ಮನೆಯ ಖರ್ಚನ್ನೂ ಮಕ್ಕಳ ಎದುರಿನಲ್ಲಿಯೇ ಲೆಕ್ಕ ಹಾಕಿರಿ. ಬಡತನವನ್ನು ಮುಚ್ಚಿಡುವ ಮನೆಯಲ್ಲಿ ಮಕ್ಕಳು ಹಟಮಾರಿಗಳಾಗುತ್ತಾರೆ, ಹೇಳಿಕೊಳ್ಳುವ ಮನೆಯಲ್ಲಿ ಜೊತೆಗಾರರಾಗುತ್ತಾರೆ.

ಮೂರನೆಯ ಪಾಲನ್ನು ಮಗುವಿನ ಕೈಯಿಂದಲೇ ಸಲ್ಲಿಸಿರಿ. ಲೆಕ್ಕ ಬಲ್ಲವನು ಜಿಪುಣನಾಗುತ್ತಾನೆಂಬ ಭಯ ಬೇಡ. ತನ್ನ ಅಗತ್ಯದ ಎಲ್ಲೆಯನ್ನು ಅರಿತವನೇ ನಿರ್ಭಯವಾಗಿ ಕೊಡಬಲ್ಲನು.