ರಾಷ್ಟ್ರೀಯ ಮಾದರಿ ಸಮೀಕ್ಷೆ

ಭಾರತದ ಕುಟುಂಬಗಳ ದುಡಿಮೆ, ಖರ್ಚುವೆಚ್ಚ ಮತ್ತು ಜನಸಂಖ್ಯೆಯ ಕುರಿತು ಆಯ್ದ ಮನೆಗಳಿಂದ ಮಾಹಿತಿ ಕಲೆಹಾಕುವ ಸರ್ಕಾರಿ ವ್ಯವಸ್ಥೆ. ಪಿ. ಸಿ. ಮಹಾಲನೋಬಿಸ್ ಅಧ್ಯಕ್ಷತೆಯ ರಾಷ್ಟ್ರೀಯ ಆದಾಯ ಸಮಿತಿ 1949ರಲ್ಲಿ ಕೆಲಸ ಆರಂಭಿಸಿದಾಗ ಜನರ ಬಳಕೆಯ ಬಗ್ಗೆ ನಂಬಲರ್ಹ ಅಂಕಿಅಂಶಗಳೇ ಇರಲಿಲ್ಲ. ಆ ಕೊರತೆ ನೀಗಲು 1950ರಲ್ಲಿ ಈ ಸಮೀಕ್ಷೆ ಹುಟ್ಟಿತು. ಬಂಗಾಳದ ಸೆಣಬು ಬೆಳೆಯ ಅಂದಾಜಿನಲ್ಲಿ ಮಹಾಲನೋಬಿಸ್ ಪಳಗಿಸಿದ್ದ ಮಾದರಿ ವಿಧಾನವೇ ಇದಕ್ಕೆ ತಳಹದಿ. ಮೊದಲ ಸುತ್ತು 1950ರ ಅಕ್ಟೋಬರ್‌ನಿಂದ 1951ರ ಮಾರ್ಚ್‌ವರೆಗೆ ಹಳ್ಳಿಗಳಲ್ಲಿ ನಡೆಯಿತು.

ಮನೆಗಳಿಂದಲೇ ಮಾಹಿತಿ ಪಡೆಯುವ ಇನ್ನೊಂದು ಪ್ರಯತ್ನವೂ ಅದೇ ಹೊತ್ತಿಗೆ ನಡೆಯಿತು: 1951–52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನ ಕೈಗೊಂಡವು. ಬೆಂಗಳೂರಿನಲ್ಲೂ ಹಳ್ಳಿಗಳಲ್ಲೂ ಜನನ, ಮರಣ, ಕುಟುಂಬ ಯೋಜನೆಗಳ ಬಗ್ಗೆ ಮನೆಮನೆಗೆ ಹೋಗಿ ವಿಚಾರಿಸಿದ ಈ ಅಧ್ಯಯನದ ವರದಿ 1961ರಲ್ಲಿ ಪ್ರಕಟವಾಯಿತು.

ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಖರ್ಚಿನ ಲೆಕ್ಕಕ್ಕಿಂತ ದುಡಿಮೆಯ ಲೆಕ್ಕ ಕಷ್ಟದ್ದು. ಬಿತ್ತನೆಯಲ್ಲಿ ಬಿಡುವಿಲ್ಲದ, ಬೇಸಿಗೆಯಲ್ಲಿ ಕೂಲಿ ಸಿಗದ ಆಳನ್ನು ಉದ್ಯೋಗಿ ಎನ್ನಬೇಕೆ, ನಿರುದ್ಯೋಗಿ ಎನ್ನಬೇಕೆ? ನಿರುದ್ಯೋಗಕ್ಕೆ ಒಂದೇ ಅಂಕಿ ಕೊಡುವುದು ತಪ್ಪು ಎಂದು, ನಿರುದ್ಯೋಗದ ಅಂದಾಜುಗಳನ್ನು ಪರಿಶೀಲಿಸಿದ ದಾಂತವಾಲಾ ಸಮಿತಿ 1970ರಲ್ಲಿ ಹೇಳಿತು. ಅದರಂತೆ 1972–73ರ 27ನೇ ಸುತ್ತಿನಿಂದ ಮೂರು ಅಳತೆಗಳು ಬಂದವು: ವರ್ಷದ ಸ್ಥಿತಿ, ವಾರದ ಸ್ಥಿತಿ, ದಿನದ ಸ್ಥಿತಿ. ವಾರದಲ್ಲಿ ಒಂದೇ ಗಂಟೆ ದುಡಿದವರೂ ವಾರದ ಅಳತೆಯಲ್ಲಿ ಉದ್ಯೋಗಿಗಳೇ. ದಿನದ ಅಳತೆಯಲ್ಲಾದರೆ ಅರ್ಧ ದಿನದ ಕೆಲಸಕ್ಕೂ ಬೇರೆ ಲೆಕ್ಕವುಂಟು. ಕೃಷಿ ಕೂಲಿಯವರ ಸಂಕಟವನ್ನು ಹೆಚ್ಚು ಪ್ರಾಮಾಣಿಕವಾಗಿ ತೋರಿಸಿದ್ದು ಈ ಮೂರನೆಯದೇ.

ಹೆಂಗಸರ ವಿಷಯದಲ್ಲಿ ಮಾತ್ರ ಸಮೀಕ್ಷೆ ಸೋತಿದೆ. ಮನೆಗೆಲಸವನ್ನಷ್ಟೇ ಮಾಡುವವರಿಗೆ 92, ಅದರ ಜೊತೆಗೆ ಸೌದೆ, ಸೊಪ್ಪು, ಮೇವು ತರುವವರಿಗೆ ಅಥವಾ ಮನೆಬಳಕೆಗೆ ಬಟ್ಟೆ ಹೊಲಿಯುವವರಿಗೆ 93 ಎಂಬ ಸಂಕೇತ. ಇಬ್ಬರೂ ದುಡಿಮೆಗಾರರ ಎಣಿಕೆಯಿಂದ ಹೊರಗೆ. 2019ರ ಸಮಯ ಬಳಕೆ ಸಮೀಕ್ಷೆ ಈ ಅನ್ಯಾಯದ ಗಾತ್ರವನ್ನು ತೋರಿಸಿತು: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ವ್ಯಯಿಸಿದರೆ, ಗಂಡಸರು 97 ನಿಮಿಷ.

ಬಡತನದ ಚರ್ಚೆ ನಿಂತಿದ್ದು ಖರ್ಚಿನ ಅಂಕಿಗಳ ಮೇಲೆ. ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನಕ್ಕೂ ಇವೇ ಆಧಾರ. ಆದರೆ ಕಳೆದ ವಾರ ಏನು ತಿಂದಿರಿ ಎಂದು ಕೇಳಿದರೆ ಬರುವ ಉತ್ತರ, ತಿಂಗಳ ಲೆಕ್ಕಕ್ಕೆ ತಂದಾಗ, ಕಳೆದ ತಿಂಗಳ ಬಗ್ಗೆ ಕೇಳಿದರೆ ಬರುವ ಉತ್ತರಕ್ಕಿಂತ ದೊಡ್ಡದಿರುತ್ತದೆ. 1999–2000ರ 55ನೇ ಸುತ್ತಿನಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಕೇಳಿದ್ದರಿಂದ ಹಳೆಯ ಅಂಕಿಗಳೊಡನೆ ಹೋಲಿಕೆ ಕೆಟ್ಟು, ಬಡತನ ಎಷ್ಟು ಇಳಿಯಿತೆಂಬ ವಿವಾದ ವರ್ಷಗಟ್ಟಲೆ ಎಳೆಯಿತು.

ದುಡಿಮೆಯ ಲೆಕ್ಕಕ್ಕಾಗಿ 2017ರ ಏಪ್ರಿಲ್‌ನಿಂದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಆರಂಭವಾಯಿತು. ಖರ್ಚಿನ ಲೆಕ್ಕದಲ್ಲಿ ಮಾತ್ರ, ಅಂಕಿಅಂಶಗಳ ಗುಣಮಟ್ಟದ ಕಾರಣ ನೀಡಿ 2017–18ರ ಬಳಕೆ ವೆಚ್ಚದ ವರದಿಯನ್ನು ಸರ್ಕಾರ ತಡೆಹಿಡಿಯಿತು. ಇದರಿಂದ 2011–12ರ ನಂತರದ ಬಳಕೆಯ ಅಂಕಿಗಳಿಗಾಗಿ ದೇಶ 2022–23ರ ಸಮೀಕ್ಷೆಯವರೆಗೆ ಕಾಯಬೇಕಾಯಿತು. 2025ರ ಜನವರಿಯಿಂದ ಉದ್ಯೋಗದ ಅಂದಾಜುಗಳನ್ನು ಪ್ರತಿ ತಿಂಗಳೂ ಸಿದ್ಧಪಡಿಸಲಾಗುತ್ತಿದೆ.