ಲಗಾಮಿಲ್ಲದ ಓಟ

ಎರಡು ಬಕೆಟ್ ಬೋರಲು ಹಾಕಿ ಮೇಲೊಂದು ಪಿವಿಸಿ ಪೈಪ್ ಇಟ್ಟರೆ ನಾಯಿಗೆ ಹಾರಲು ಅಡ್ಡಗಂಬ ತಯಾರು. ಮುಂಬಯಿಯ ನಮ್ಮ ಬಿಲ್ಡಿಂಗಿನ ತಾರಸಿಯ ಮೇಲೆ ಕಳೆದ ಚಳಿಗಾಲ ನಾನು ಕಟ್ಟಿದ 'ಕ್ರೀಡಾಂಗಣ' ಇಷ್ಟೇ. ನಮ್ಮ ರಾಜ ಖುಷಿಯಿಂದ ಹಾರುತ್ತಿದ್ದ. ಅವನು ಹಾರಿದಷ್ಟೂ ನಾನು ಬಕೆಟ್ ಮೇಲೆ ಇಟ್ಟಿಗೆ ಪೇರಿಸಿ ಪೈಪನ್ನು ಏರಿಸುತ್ತಾ ಹೋದೆ. ಹತ್ತನೆಯ ದಿನ ಮುಂಗಾಲು ಊರಲಾರದೆ ಕುಂಟತೊಡಗಿದ. ಡಾಕ್ಟರು ಬೈದದ್ದು ನನಗೆ, ಅವನಿಗಲ್ಲ. ಅವನು ಮೂಲೆಯಲ್ಲಿ ಮಲಗಿದ್ದ ಆ ಮೂರು ವಾರ ಈ ಆಟದ ಇತಿಹಾಸ ಓದಿದೆ. ಮೊದಲೇ ಓದಬೇಕಿತ್ತು ನೋಡಿ...

ಅಜಿಲಿಟಿ ಅನ್ನುವ ಈ ಆಟ ಹುಟ್ಟಿದ್ದು ಬಿಡುವಿನ ವೇಳೆ ತುಂಬುವುದಕ್ಕೆ! ಲಂಡನ್ನಿನ ಒಲಿಂಪಿಯಾ ಸಭಾಂಗಣದಲ್ಲಿ ಆಗ ಕ್ರಫ್ಟ್ಸ್ ಶ್ವಾನ ಪ್ರದರ್ಶನ ನಡೆಯುತ್ತಿತ್ತು. ಒಂದು ಸ್ಪರ್ಧೆ ಮುಗಿದು ಇನ್ನೊಂದು ಶುರುವಾಗುವ ತನಕ ಜನರನ್ನು ಕೂರಿಸಬೇಕಲ್ಲ? ಆ ಹೊಣೆ ಸಮಿತಿಯ ಜಾನ್ ವಾರ್ಲಿ ಅವರ ಮೇಲೆ ಬಿತ್ತು. ಕುದುರೆಗಳು ಅಡ್ಡಗಂಬ ಹಾರುವ ಸ್ಪರ್ಧೆಯನ್ನೇ ನಾಯಿಗಳಿಗೆ ಹೊಂದಿಸಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ನಾಯಿಗಳನ್ನು ಪಳಗಿಸುತ್ತಿದ್ದ ಪೀಟರ್ ಮೀನ್‌ವೆಲ್ ಜೊತೆ ಸೇರಿ ತಡೆಗಳನ್ನು ಯೋಜಿಸಿದರು. 1978ರ ಪ್ರದರ್ಶನದಲ್ಲಿ ತಲಾ ನಾಲ್ಕು ನಾಯಿಗಳ ಎರಡು ತಂಡಗಳು ಓಡಿದವು. ಜನ ಹುಚ್ಚೆದ್ದು ಮೆಚ್ಚಿದರು. 1980ರಲ್ಲಿ ಬ್ರಿಟನ್ನಿನ ಕೆನಲ್ ಕ್ಲಬ್ ನಿಯಮ ರೂಪಿಸಿ ಆಟಕ್ಕೆ ಮಾನ್ಯತೆ ಕೊಟ್ಟಿತು. 1986ರಲ್ಲಿ ಅಮೆರಿಕದಲ್ಲಿ ಇದಕ್ಕೆಂದೇ ಸಂಸ್ಥೆ ಹುಟ್ಟಿತು. 1996ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು.

ಆಟದ ಕಲ್ಪನೆ ಕುದುರೆಯದ್ದು ನಿಜ, ಆದರೆ ಕುದುರೆಗೆ ಲಗಾಮಿದೆ, ಮೇಲೆ ಸವಾರನಿದ್ದಾನೆ. ಇಲ್ಲಿ ನಾಯಿಗೆ ಹಗ್ಗವಿಲ್ಲ. ಓಟದ ನಡುವೆ ಅದನ್ನು ಮುಟ್ಟುವಂತಿಲ್ಲ, ತಿಂಡಿ ಕೊಡುವಂತಿಲ್ಲ. ತಡೆಗಳ ಕ್ರಮ ಪ್ರತಿ ಸಲ ಬೇರೆ. ಮೊದಲು ಯಜಮಾನನೊಬ್ಬನೇ ಅಂಗಣದಲ್ಲಿ ನಡೆದು ಅದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಆಮೇಲೆ ನಾಯಿಯ ಜೊತೆ ಓಡುತ್ತಾ ದನಿಯಿಂದ, ಕೈಯಿಂದ, ಭುಜ ತಿರುಗಿಸಿ ದಾರಿ ತೋರಿಸಬೇಕು. ಸಾಲಾಗಿ ನೆಟ್ಟ ಕೋಲುಗಳ ನಡುವೆ ಹಾವಿನಂತೆ ನುಸುಳುವಾಗ ಮೊದಲ ಕೋಲು ಸದಾ ನಾಯಿಯ ಎಡಭುಜಕ್ಕೇ ಇರಬೇಕು. ಕಂಬ ಬಿದ್ದರೆ 5 ದೋಷಾಂಕ. ಹೆಚ್ಚಿನ ಸಲ ತಪ್ಪು ಯಜಮಾನನದ್ದೇ: ತಡವಾಗಿ ಹೇಳಿರುತ್ತಾನೆ, ಇಲ್ಲವೇ ಬಾಯಲ್ಲೊಂದು ಕೈಯಲ್ಲೊಂದು ಹೇಳಿರುತ್ತಾನೆ.

ನನ್ನನ್ನು ಚುಚ್ಚಿದ್ದು ಮಾತ್ರ ನಿಯಮಗಳ ಕಥೆ. ಇಳಿಜಾರು ಹಲಗೆಗಳ ತುದಿಗೆ ಬೇರೆ ಬಣ್ಣ ಬಳಿದಿರುತ್ತಾರೆ. ಇಳಿಯುವಾಗ ನಾಯಿ ಆ ಬಣ್ಣದ ಮೇಲೆ ಕಾಲಿಡಲೇಬೇಕು. ನಾನು ಇದನ್ನು ಅಲಂಕಾರ ಅಂದುಕೊಂಡಿದ್ದೆ! ಅವಸರದಲ್ಲಿ ಮೇಲಿನಿಂದ ಧುಮುಕಿ ಕಾಲು, ಭುಜ ಮುರಿದುಕೊಳ್ಳದಿರಲಿ ಅಂತ ಅದು. ಇನ್ನು ಎತ್ತರ. ಆರಂಭದಲ್ಲಿ ದೊಡ್ಡ ನಾಯಿಗಳು 30 ಅಂಗುಲ, ಅಂದರೆ ಸುಮಾರು 76 ಸೆಂಟಿಮೀಟರ್ ಹಾರಬೇಕಿತ್ತು. 2020ರಿಂದ ಬ್ರಿಟನ್ನಿನಲ್ಲಿ ಅದು 60 ಸೆಂಟಿಮೀಟರ್. ನಡುಗಾತ್ರದವಕ್ಕೂ ದೊಡ್ಡವಕ್ಕೂ ನಡುವೆ 50 ಸೆಂಟಿಮೀಟರಿನ ಹೊಸ ವರ್ಗವೂ ಬಂತು. ಬೇರೆ ಆಟಗಳಲ್ಲಿ ವರುಷ ಕಳೆದಂತೆ ಗುರಿ ಏರುತ್ತದೆ, ಇಲ್ಲಿ ಮನುಷ್ಯರು ಅದನ್ನು ಇಳಿಸುತ್ತಾ ಬಂದಿದ್ದಾರೆ. ಯಾಕೆಂದರೆ ನಾಯಿ ತಾನಾಗಿ 'ಸಾಕು' ಅನ್ನುವುದಿಲ್ಲ. ನಾವು ಹೇಳಿದರೆ ನೋವಿದ್ದರೂ ಹಾರುತ್ತದೆ.

ಬಿಡುವು ತುಂಬಲು ಹುಟ್ಟಿದ ಆಟವೇ ಇದನ್ನು ಕಲಿಯಲು ನಲವತ್ತು ವರುಷ ತೆಗೆದುಕೊಂಡಿತು. ನಾನು ಹತ್ತು ದಿನದಲ್ಲಿ ಅದನ್ನೆಲ್ಲ ಮರೆತಂತೆ ನಡೆದುಕೊಂಡೆ.

ರಾಜ ಈಗ ಸರಿಯಾಗಿದ್ದಾನೆ. ತಾರಸಿಯ ಕಾಂಕ್ರೀಟು ಬಿಟ್ಟು ಬೆಳಿಗ್ಗೆ ಮೈದಾನದ ಹುಲ್ಲಿಗೆ ಹೋಗುತ್ತೇವೆ. ಪೈಪು ಅವನ ಮೊಣಕಾಲಿಗಿಂತ ಮೇಲೆ ಏರುವುದಿಲ್ಲ. ಹಾರಿ ಬಂದು ನನ್ನ ಮುಖ ನೋಡುತ್ತಾನೆ, ಇನ್ನೊಂದು ಸಲ ಅಂತ. ಸಾಕು ಅನ್ನುವುದು ನನ್ನ ಕೆಲಸ.