ದೇವಿಯ ಕಾಟದಿಂದ ಆಪ್ತಸಮಾಲೋಚನೆಯವರೆಗೆ: ಕಾರವಾರ–ಅಂಕೋಲಾ ಪರಿಸರ, ಲೈಂಗಿಕ ಅಲ್ಪಸಂಖ್ಯಾತರು ಮತ್ತು ಮನೋಚಿಕಿತ್ಸೆ

ಮನಸ್ಸಿನ ಸಂಕಟಕ್ಕೆ ಒಂದು ಸಮಾಜ ಯಾವ ಹೆಸರಿಡುತ್ತದೆ ಎಂಬುದನ್ನು ಅನುಸರಿಸಿಯೇ ಆ ಸಂಕಟಕ್ಕೆ ದೊರೆಯುವ ಪರಿಹಾರವೂ ನಿರ್ಧಾರವಾಗುತ್ತದೆ. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಗ್ರಾಮಜೀವನದಲ್ಲಿ ನಿದ್ದೆಗೆಟ್ಟವರನ್ನು, ಮಾತು ಬಿಟ್ಟವರನ್ನು, ಮದುವೆಗೆ ಒಲ್ಲೆನೆನ್ನುವವರನ್ನು ಮೊದಲು ಕರೆದೊಯ್ಯುತ್ತಿದ್ದುದು ಗ್ರಾಮದೇವತೆಯ ಸನ್ನಿಧಿಗೆ. ಹೂವಿನ ಪ್ರಸಾದ ಕೇಳುವುದು, ಗುನಗರ ಮೈಮೇಲೆ ಬಂದ ದೈವದ ನುಡಿಗೆ ಕಿವಿಗೊಡುವುದು ಅಲ್ಲಿನ ರೂಢಿ. ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಅದರ ನಂತರದ ಮಾತು. ಲೈಂಗಿಕ ಅಲ್ಪಸಂಖ್ಯಾತರ ಮಟ್ಟಿಗೆ ಈ ಎರಡು ಮೆಟ್ಟಿಲುಗಳ ನಡುವಿನ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1862 ಈ ಪರಿಸರಕ್ಕೆ ಎರಡು ಕಾರಣಗಳಿಂದ ಮಹತ್ವದ ವರ್ಷ. ಉತ್ತರ ಕನ್ನಡವು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದು ಆ ವರ್ಷ. 377ನೇ ಕಲಮನ್ನು ಒಳಗೊಂಡ ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದೂ ಆ ವರ್ಷದ ಜನವರಿ 1ರಂದು. ಸಲಿಂಗ ಸಂಬಂಧವನ್ನು ಅಪರಾಧವೆಂದು ಎಣಿಸಿದ ಈ ಕಲಮು ಮುಂದಿನ ಒಂದೂವರೆ ಶತಮಾನ ನ್ಯಾಯಾಲಯದಾಚೆಗೂ ತನ್ನ ನೆರಳನ್ನು ಚಾಚಿತು. ವೈದ್ಯರೆದುರು ನಿಜ ಹೇಳುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆಯೇ ಎಂಬ ಭಯಕ್ಕೆ ಅದು ಕಾರಣವಾಯಿತು.

ಘಟ್ಟದ ಮೇಲಿನ ಜಾನಪದದಲ್ಲಿ ಇದಕ್ಕಿಂತ ಭಿನ್ನವಾದ ಒಂದು ವಿವರಣೆಯಿದೆ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮರ ಪರಂಪರೆಯಲ್ಲಿ ಗಂಡುದೇಹದಲ್ಲಿ ಹುಟ್ಟಿ ಹೆಣ್ತನವನ್ನು ತಾಳಿದವರಿಗೆ ‘ದೇವಿಯ ಕಾಟ’ವಿದೆಯೆಂದು ನಂಬಲಾಗುತ್ತದೆ. ಮುತ್ತು ಕಟ್ಟಿಸಿಕೊಂಡು ಜೋಗಪ್ಪ ಅಥವಾ ಜೋಗತಿಯಾದಾಗ ಕಾಟ ಶಮನವಾಗುತ್ತದೆ. ಇಲ್ಲಿ ಪರಿಹಾರವೆಂದರೆ ವ್ಯಕ್ತಿಯನ್ನು ಬದಲಿಸುವುದಲ್ಲ, ವ್ಯಕ್ತಿಗೊಂದು ಸ್ಥಾನ ಕಲ್ಪಿಸುವುದು. ಈ ಸಂಗತಿ ಗಮನಾರ್ಹ. ಜೋಗತಿ ಕಲಾವಿದೆ ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದು, 2021ರಲ್ಲಿ ಪದ್ಮಶ್ರೀ ಪುರಸ್ಕೃತರಾದದ್ದು ಆ ಸ್ಥಾನದ ವಿಸ್ತಾರವನ್ನು ತೋರುತ್ತದೆ.

ಆದರೆ ಈ ಪರಂಪರೆಯನ್ನು ಆದರ್ಶೀಕರಿಸುವಂತಿಲ್ಲ. ಮುತ್ತಿನ ಬೆಲೆಯಾಗಿ ಮನೆಯನ್ನು ತೊರೆದವರು, ಜೋಗವನ್ನೇ ಜೀವನೋಪಾಯ ಮಾಡಿಕೊಂಡವರು ಅನೇಕರು. ಹೆಣ್ಣನ್ನು ಪ್ರೀತಿಸುವ ಹೆಣ್ಣಿಗೆ, ಗಂಡಾಗಿಯೇ ಉಳಿದು ಗಂಡನ್ನು ಪ್ರೀತಿಸುವವನಿಗೆ ಈ ಚೌಕಟ್ಟಿನಲ್ಲಿ ಹೆಸರೇ ಇಲ್ಲ. ಮೇಲಾಗಿ ಈ ಆರಾಧನೆಯ ಮುಖ್ಯ ಕ್ಷೇತ್ರಗಳೆಲ್ಲ ಘಟ್ಟದ ಮೇಲಿನವು. ಕರಾವಳಿಯ ಯಕ್ಷಗಾನ ರಂಗವು ಸ್ತ್ರೀವೇಷಧಾರಿಯಾದ ಗಂಡಸನ್ನು ಮೆಚ್ಚಿತು. ಆದರೆ ಆ ಮೆಚ್ಚುಗೆ ವೇಷಕ್ಕೆ ಸಂದದ್ದೇ ಹೊರತು ಬದುಕಿಗಲ್ಲ.

ಆಧುನಿಕ ಮನೋವೈದ್ಯವು ಈ ಕೊರತೆಯನ್ನು ತುಂಬಬಹುದಿತ್ತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಸಲಿಂಗಾಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟವು. ಹೀಗಿದ್ದೂ 1980ರ ದಶಕದ ಆರಂಭದಲ್ಲಿ ಭಾರತದ ಮನೋವೈದ್ಯಕೀಯ ನಿಯತಕಾಲಿಕದಲ್ಲಿ ಇದನ್ನು ‘ಗುಣಪಡಿಸುವ’ ಪ್ರಯೋಗಗಳ ವರದಿಗಳು ಪ್ರಕಟವಾದವು. ಪಿಯುಸಿಎಲ್‌ನ ಕರ್ನಾಟಕ ಘಟಕವು 2001ರಲ್ಲಿ ಬೆಂಗಳೂರನ್ನು ಕುರಿತು ಹೊರತಂದ ಸತ್ಯಶೋಧನಾ ವರದಿಯು ಪೊಲೀಸರು ಮತ್ತು ಕುಟುಂಬದ ಜೊತೆಗೆ ವೈದ್ಯಲೋಕವನ್ನೂ ಪರಿಶೀಲಿಸಿತು. ಅದೇ ವರ್ಷ ದೆಹಲಿಯ ಆಸ್ಪತ್ರೆಯೊಂದರಲ್ಲಿ ನಡೆದ ‘ಪರಿವರ್ತನಾ ಚಿಕಿತ್ಸೆ’ಯ ವಿರುದ್ಧದ ದೂರನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಪರಿಗಣಿಸಲಿಲ್ಲ, 377ನೇ ಕಲಮು ಅದಕ್ಕೆ ಅಡ್ಡವಾಯಿತು. ಕಾನೂನು ಮತ್ತು ಚಿಕಿತ್ಸೆ ಒಂದಕ್ಕೊಂದು ಆಸರೆಯಾದ ಬಗೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

2018 ಈ ಇತಿಹಾಸದ ತಿರುವು. ಸಮುದಾಯದ ನೈತಿಕ ಅಥವಾ ಸಾಮಾಜಿಕ ಮೌಲ್ಯಗಳಿಗೆ ಹೊಂದಿಕೊಳ್ಳದಿರುವುದನ್ನು ಮನೋರೋಗವೆಂದು ನಿರ್ಣಯಿಸುವಂತಿಲ್ಲ, ಲೈಂಗಿಕ ಒಲವಿನ ಆಧಾರದಲ್ಲಿ ಸೇವೆಯಲ್ಲಿ ತಾರತಮ್ಯ ಮಾಡುವಂತಿಲ್ಲ, ರೋಗಿಯ ಗುಟ್ಟನ್ನು ಕಾಯಬೇಕು ಎನ್ನುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಆ ವರ್ಷ ಜಾರಿಗೆ ಬಂತು. ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತ ಸಂಬಂಧವನ್ನು 377ರ ವ್ಯಾಪ್ತಿಯಿಂದ ಹೊರಗಿಟ್ಟಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆ ಎಂದು ಸಾರಿತು.

ಈ ಬದಲಾವಣೆ ಕಾರವಾರ, ಅಂಕೋಲೆಗಳನ್ನು ಹೇಗೆ ತಲುಪಬೇಕು? ಇಲ್ಲಿಯವರಿಗೆ ಉನ್ನತ ಚಿಕಿತ್ಸೆಯೆಂದರೆ ಬಹುಕಾಲ ಗೋವೆ, ಮಣಿಪಾಲ ಇಲ್ಲವೆ ಹುಬ್ಬಳ್ಳಿ–ಧಾರವಾಡದ ಹಾದಿ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019 ಮತ್ತು 2022ರಲ್ಲಿ ಜನಾಂದೋಲನವಾಗಿಯೇ ಎದ್ದಿತು. ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ ಆರಂಭವಾದುದರಿಂದ ಅಂತರ ಕೊಂಚ ತಗ್ಗಿದೆ. 2022ರ ಅಕ್ಟೋಬರ್ 10ರಂದು ಮೊದಲಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕನ್ನಡದಲ್ಲಿಯೂ ಕರೆ ಮಾಡಬಹುದು. ಆದರೆ ದೂರಕ್ಕೆ ಇನ್ನೊಂದು ಮುಖವೂ ಇದೆ. ಎಲ್ಲರೂ ಎಲ್ಲರನ್ನೂ ಬಲ್ಲ ಸಣ್ಣ ಊರಿನಲ್ಲಿ ದೂರದ ಆಸ್ಪತ್ರೆ ಗುಟ್ಟನ್ನು ಕಾಯುತ್ತದೆ. ಹತ್ತಿರದ ಆಸ್ಪತ್ರೆಯ ಸರದಿಯಲ್ಲಿ ನೆರೆಮನೆಯವರೇ ಕುಳಿತಿರಬಹುದು.

ಆದುದರಿಂದ ಚಿಕಿತ್ಸೆಯ ಸಾಮೀಪ್ಯವನ್ನು ಕಿಲೋಮೀಟರುಗಳಲ್ಲಿ ಮಾತ್ರ ಅಳೆಯಲಾಗದು. ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಮನೆಯವರ ಮಾತನ್ನೇ ಆಪ್ತಸಮಾಲೋಚಕರೂ ಆಡಿದರೆ ಕಾಯ್ದೆ ಕಾಗದದಲ್ಲಿ ಉಳಿಯುತ್ತದೆ. ಗೊತ್ತಿಲ್ಲದೆ ಆ ಮದುವೆಗೆ ಒಳಗಾಗುವ ಇನ್ನೊಂದು ಜೀವವೂ ಸಂಕಟಕ್ಕೆ ಸಿಲುಕುತ್ತದೆ. ಬಂದವರನ್ನು ಬದಲಿಸದೆ ಅವರಿಗೊಂದು ಸ್ಥಾನ ಕಲ್ಪಿಸುವ ವಿವೇಕ ಜೋಗತಿ ಪರಂಪರೆಯಲ್ಲಿತ್ತು. ಮನೆಯನ್ನು ತೊರೆಯುವ ಬೆಲೆ ಕೇಳದೆ ಆ ವಿವೇಕವನ್ನು ಉಳಿಸಿಕೊಳ್ಳುವುದು ಇಂದಿನ ಮನೋಚಿಕಿತ್ಸೆಯ ಹೊಣೆ.